ಲಾದಿ ಪಾವಿನಲ್ಲಿ ಚೀಸ್‌ಬರ್ಗರ್ ಸ್ಲೈಡರ್: 32 ಜನ, ಒಂದೇ ಓಟಿಜಿ, ಹೇಗೆ ಮಾಡಲಿ?

ವಾಕಡ್‌ವಾಸಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನಿರುವುದು ಪುಣೆಯ ವಾಕಡ್‌ನಲ್ಲಿ. ಮುಂದಿನ ಭಾನುವಾರ ಇಲ್ಲಿನ ಕನ್ನಡ ಗೆಳೆಯರ ಕುಟುಂಬಗಳೆಲ್ಲ ನಮ್ಮಲ್ಲಿ ಸೇರುತ್ತಿದ್ದೇವೆ. ಒಟ್ಟು 32 ಜನ, ಅದರಲ್ಲಿ 13 ಮಕ್ಕಳು. ಪ್ರತಿ ಸಲ ಬಿಸಿಬೇಳೆಬಾತು, ಮೊಸರನ್ನ, ಜಿಲೇಬಿ ಇರುತ್ತದೆ. ಈ ಸಲ ಮಕ್ಕಳು ಬರ್ಗರ್ ಬೇಕೇ ಬೇಕು ಎಂದು ಹಟ ಹಿಡಿದಿದ್ದಾರೆ. ಹೊರಗಿನಿಂದ ತರಿಸಿದರೆ ಬರುವಷ್ಟರಲ್ಲಿ ತಣ್ಣಗಾಗುತ್ತದೆ. ಮನೆಯಲ್ಲೇ ಮಾಡಿ ಬಿಸಿಬಿಸಿ ಕೊಡಬೇಕು ಎನ್ನುವ ಆಸೆ ನನಗೂ ಇದೆ. ಆದರೆ ಒಂದೊಂದೇ ಬರ್ಗರ್ ಕಾವಲಿ ಮೇಲೆ ಬೇಯಿಸುತ್ತಾ ನಿಂತರೆ ವರ್ಷಕ್ಕೊಮ್ಮೆ ಸಿಗುವ ಗೆಳೆಯರ ಜೊತೆ ಮಾತಾಡುವುದು ಯಾವಾಗ? ಅದಕ್ಕೇ ಟ್ರೇಯಲ್ಲಿ ಇಡೀ ಹಾಸು ಒಟ್ಟಿಗೆ ಬೇಕ್ ಮಾಡಿ ಕಿತ್ತು ಕೊಡುವ ಪುಟ್ಟ ಬರ್ಗರ್, ಅಂದರೆ ಸ್ಲೈಡರ್ ಮಾಡೋಣ ಎಂದುಕೊಂಡೆ.

ಕಳೆದ ಶನಿವಾರ 12 ಮಾಡಿ ನೋಡಿದೆ. ಬೇಕರಿಯಿಂದ ಆಗಷ್ಟೇ ಬಂದ ಲಾದಿ ಪಾವ್ (ಒಂದಕ್ಕೊಂದು ಅಂಟಿಕೊಂಡ ಪಾವುಗಳ ಹಾಸು) ತಂದು ಬಿಡಿಬಿಡಿ ಮಾಡಿ ಕತ್ತರಿಸಿದೆ. ಮಟನ್ ಕೀಮಾಗೆ ಉಪ್ಪು, ಮೆಣಸು, ಈರುಳ್ಳಿ ಹಾಕಿ ಚಪಾತಿ ಹಿಟ್ಟಿನ ಹಾಗೆ ಚೆನ್ನಾಗಿ ನಾದಿ, ತಟ್ಟಿ, ಪ್ಯಾನಿನಲ್ಲಿ ಬೇಯಿಸಿದೆ. ಪಾವಿನೊಳಗೆ ಅದನ್ನಿಟ್ಟು, ಟೊಮೆಟೊ, ಹಸಿ ಈರುಳ್ಳಿ, ಚೀಸ್ ಸ್ಲೈಸ್ ಸೇರಿಸಿ, ಮೇಲೆ ಬೆಣ್ಣೆ ಸವರಿ, 200 ಡಿಗ್ರಿಯಲ್ಲಿ 20 ನಿಮಿಷ ಇಟ್ಟೆ. ಕೆಳಗಿನ ಪಾವ್ ನೆನೆದು ಮುದ್ದೆ. ಮೇಲಿನದು ರಸ್ಕಿನಷ್ಟು ಗಟ್ಟಿ. ಮಾಂಸ ಮುದುಡಿ ಪಾವಿನ ಅರ್ಧಕ್ಕೆ ಬಂದಿತ್ತು, ಜಗಿದರೆ ರಬ್ಬರ್ ಹಾಗೆ. ಮಗಳು ಬೇಜಾರು ಮಾಡಿಕೊಳ್ಳದೆ ತಿಂದಳು, ಆದರೆ ಎರಡನೆಯದು ಕೇಳಲಿಲ್ಲ.

ನನ್ನ ಹತ್ತಿರ 40 ಲೀಟರಿನ ಒಂದು ಓಟಿಜಿ (ಬೇಕ್, ಟೋಸ್ಟ್, ಗ್ರಿಲ್ ಮಾಡುವ ಕರೆಂಟ್ ಓವನ್) ಇದೆ, ಜೊತೆಗೆ ಕನ್ವೆಕ್ಷನ್ ಇರುವ ಮೈಕ್ರೋವೇವ್. ಊಟ ಸಂಜೆ ಏಳೂವರೆಗೆ ನಮ್ಮ ಸೊಸೈಟಿಯ ಕ್ಲಬ್‌ಹೌಸಿನಲ್ಲಿ, ಮನೆ ನಾಲ್ಕನೇ ಮಹಡಿಯಲ್ಲಿ. ಓಟಿಜಿಯನ್ನೇ ಕೆಳಗೆ ಒಯ್ಯಬಹುದಾ? 21 ಜನ ಮಾಂಸ ತಿನ್ನುತ್ತಾರೆ, 7 ಜನ ಸಸ್ಯಾಹಾರಿಗಳು. ಬೆಳಗಾವಿ ಕಡೆಯ ಜೈನ ಕುಟುಂಬ ಒಂದಿದೆ, 4 ಜನ. ಅವರಿಗೂ ಅದೇ ತಿಂಡಿ ಅಷ್ಟೇ ಚೆನ್ನಾಗಿ ಸಿಗಬೇಕು, ಸುಮ್ನೆ ಒಂದು ತಟ್ಟೆ ಸಲಾಡ್ ಕೊಟ್ಟು ಕೂರಿಸುವುದು ನನಗೆ ಇಷ್ಟವಿಲ್ಲ. ಎಷ್ಟು ಮಾಡಬೇಕು, ಯಾವುದನ್ನು ಹಿಂದಿನ ದಿನವೇ ಮಾಡಿಡಬಹುದು, ತಿಳಿದವರು ಹೇಳಿ.

ಭಾಂಡುಪ್ ಭಟ್ಟಿ ಉತ್ತರಿಸಿದ್ದು:

ನೀವು ಆರಿಸಿದ ತಿಂಡಿ ಸರಿಯಾಗಿಯೇ ಇದೆ. ಮುಂಬಯಿ, ಪುಣೆಯಲ್ಲಿ ಇರುವವರಿಗೆ ಇದು ಬಹಳ ಸುಲಭವೂ ಹೌದು, ಯಾಕೆಂದರೆ ಬೇರೆ ಕಡೆಯವರು ಹುಡುಕಿಕೊಂಡು ಹೋಗುವ ಹಾಸು ಬ್ರೆಡ್ ನಮಗೆ ಬೀದಿ ತುದಿಯಲ್ಲೇ ಸಿಗುತ್ತದೆ. ನೀವು ಮಾಡಿದ ಮೊದಲ ತಪ್ಪು ಪಾವುಗಳನ್ನು ಬಿಡಿಸಿದ್ದು. ಲಾದಿ ಲಾದಿಯಾಗಿಯೇ ಇರಲಿ. 12 ಪಾವಿನ ಹಾಸನ್ನು ಬ್ರೆಡ್ ಕತ್ತರಿಸುವ ಹಲ್ಲಿನ ಚಾಕುವಿನಿಂದ ಅಡ್ಡಲಾಗಿ ಸೀಳಿ. ಕೆಳಗೊಂದು ಹಾಸು, ಮೇಲೊಂದು ಹಾಸು. ನಡುವೆ ಮಾಂಸವೂ ಒಂದೇ ಹಾಸು, ಚೀಸೂ ಒಂದೇ ಹಾಸು. ಹೀಗೆ ಮಾಡಿದರೆ ಪಕ್ಕಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಒಣಗುವುದಿಲ್ಲ. ಬಿಡಿಸಿದ ಪಾವಿಗೆ ನಾಲ್ಕೂ ಕಡೆಯಿಂದ ಬಿಸಿ ತಾಗಿ ರಸ್ಕ್ ಆಗುತ್ತದೆ, ನಿಮಗೆ ಆಗಿದ್ದು ಅದೇ. ಇನ್ನೊಂದು ವಿಷಯ. ಬೆಳಿಗ್ಗೆ ತಂದ ಪಾವನ್ನು ಸಂಜೆ ಕತ್ತರಿಸಿ. ಬಿಸಿ ಇರುವಾಗ ಕತ್ತರಿಸಿದರೆ ಹರಿದು ಉಂಡೆಯಾಗುತ್ತದೆ.

ನಮ್ಮ ಮಾವ ಇಲ್ಲಿನ ಬೇಕರಿ ಭಟ್ಟಿಯಲ್ಲಿ ಬಹಳ ವರ್ಷ ದುಡಿದವರು. ಅವರು ಪಾವ್ ಬಗ್ಗೆ ಯಾವಾಗಲೂ ಹೇಳುವ ಮಾತು, ಪಾವಿಗೆ ಬೆಂಕಿಯ ಭಯವಿಲ್ಲ, ನೀರಿನ ಭಯ ಎಂದು. ನಿಮ್ಮ ಟ್ರೇಯಲ್ಲಿ ನೀರು ಎಲ್ಲೆಲ್ಲಿಂದ ಬಂತು ನೋಡಿ. ಹಸಿ ಟೊಮೆಟೊ, ಹಸಿ ಈರುಳ್ಳಿ, ಮಾಂಸ ಬಿಟ್ಟ ರಸ. ಈ ಮೂರನ್ನು ತಡೆದರೆ ಮುಕ್ಕಾಲು ಕೆಲಸ ಮುಗಿಯಿತು. ಟೊಮೆಟೊವನ್ನು ಒಳಗೆ ಬೇಯಿಸಲೇಬೇಡಿ, ಬೇಕಾದವರಿಗೆ ಪಕ್ಕದಲ್ಲಿ ಇಡಿ. ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ, ಸಣ್ಣ ಉರಿಯಲ್ಲಿ ನೀರೆಲ್ಲ ಆರಿ ಕಂದು ಬಣ್ಣ ಬರುವವರೆಗೆ ಹುರಿಯಿರಿ. ಕೆಳಗಿನ ಹಾಸನ್ನು ಬರಿದಾಗಿಯೇ 180 ಡಿಗ್ರಿಯಲ್ಲಿ 4-5 ನಿಮಿಷ ಇಟ್ಟು ಮೇಲ್ಮೈ ಒಣಗಿಸಿ. ಅದರ ಮೇಲೆ ಮೊದಲು ಚೀಸ್, ಆಮೇಲೆ ಮಾಂಸ, ಆಮೇಲೆ ಹುರಿದ ಈರುಳ್ಳಿ, ಮತ್ತೆ ಚೀಸ್, ಮೇಲಿನ ಪಾವ್. ಕೆಳಗಿನ ಚೀಸ್ ಕರಗಿ ಮಳೆಗಾಲದ ಪ್ಲಾಸ್ಟಿಕ್ ಹಾಳೆಯ ಹಾಗೆ ಪಾವನ್ನು ಕಾಯುತ್ತದೆ.

ಈಗ ಮಾಂಸ. ಅಮೆರಿಕದವರ ಚೀಸ್‌ಬರ್ಗರ್ ಎಂದರೆ ದನದ ಮಾಂಸ, ಅದರಲ್ಲೂ ನೂರಕ್ಕೆ 20 ಭಾಗ ಕೊಬ್ಬು ಇರುವುದು. ಮಹಾರಾಷ್ಟ್ರದಲ್ಲಿ 2015ರ ತಿದ್ದುಪಡಿ ಬಂದ ಮೇಲೆ ಹಸು, ಹೋರಿ, ಎತ್ತಿನ ಮಾಂಸ ಇಲ್ಲ, ಎಮ್ಮೆ ಕೋಣದ್ದು ಸಿಗುತ್ತದೆ. ಅದು ಕಡಿಮೆ ಕೊಬ್ಬಿನದು. ನಮ್ಮ ಮಟನ್ ಅಂದರೆ ಆಡಿನ ಮಾಂಸ, ಅದರಲ್ಲೂ ಕೊಬ್ಬು ಕಡಿಮೆ. ಹಾಗಾಗಿ ಕಟುಕರ ಹತ್ತಿರ ಚರ್ಬಿ ಸೇರಿಸಿ, ಎರಡು ಸಲ ಮಷೀನಿಗೆ ಹಾಕಿ ಕೊಡಿ ಎಂದು ಕೇಳಿ. 1 ಕಿಲೋಗೆ ಹತ್ತಿರ ಹತ್ತಿರ 150 ಗ್ರಾಂ ಚರ್ಬಿ ಇರಲಿ. ಚಿಕನ್ ಆದರೆ ಎದೆಯದಲ್ಲ, ಕಾಲಿನ ಮಾಂಸದ ಕೀಮಾ.

ರಬ್ಬರ್ ಆಗಿದ್ದಕ್ಕೆ ಕಾರಣ ನಾದಿದ್ದು. ಉಪ್ಪು ಹಾಕಿ ನಾದಿದರೆ ಮಾಂಸದ ಪ್ರೋಟೀನ್ ಅಂಟಂಟಾಗಿ ಒಂದನ್ನೊಂದು ಬಿಗಿಯಾಗಿ ಹಿಡಿಯುತ್ತದೆ. ಸಾಸೇಜ್ ಮಾಡುವವರಿಗೆ ಅದೇ ಬೇಕು, ಸೀಕ್ ಕಬಾಬ್ ಮಾಡುವವರಿಗೂ ಬೇಕು. ಬರ್ಗರಿಗೆ ಬೇಡ. ಕೀಮಾವನ್ನು ಟ್ರೇಯಲ್ಲಿ ಹಗುರವಾಗಿ ಹರಡಿ, ಬೆರಳ ತುದಿಯಿಂದ ಒತ್ತಿ, ಉಪ್ಪು ಮತ್ತು ಕಾಳುಮೆಣಸಿನ ಪುಡಿಯನ್ನು ಮೇಲಿನಿಂದ ಉದುರಿಸಿ. ಅಷ್ಟೇ. 12 ಪಾವಿನ ಹಾಸಿಗೆ 600 ಗ್ರಾಂ ಕೀಮಾ, ಅಂದರೆ ಒಂದಕ್ಕೆ 50 ಗ್ರಾಂ. ಪಾವಿನ ಹಾಸಿಗಿಂತ ನಾಲ್ಕೂ ಬದಿಗೆ ಒಂದೂವರೆ ಸೆಂಟಿಮೀಟರ್ ದೊಡ್ಡದಾಗಿ ಹರಡಬೇಕು, ಬೆಂದಾಗ ಕುಗ್ಗಿ ಸರಿಹೋಗುತ್ತದೆ. ಫೋರ್ಕಿನಿಂದ ಅಲ್ಲಲ್ಲಿ ಚುಚ್ಚಿ. 200 ಡಿಗ್ರಿಯಲ್ಲಿ 15ರಿಂದ 18 ನಿಮಿಷ. ಮನೆಯಲ್ಲಿ ಚುಚ್ಚಿ ನೋಡುವ ಥರ್ಮಾಮೀಟರ್ ಇದ್ದರೆ ಒಳಗೆ ಮಟನ್ 71 ಡಿಗ್ರಿ, ಚಿಕನ್ 74 ಡಿಗ್ರಿ ಮುಟ್ಟಬೇಕು. ಮಕ್ಕಳು ತಿನ್ನುವುದು, ಕೀಮಾ ಹಸಿಯಾಗಿ ಉಳಿಯಬಾರದು. ಆಮೇಲೆ ಟ್ರೇ ಓರೆ ಮಾಡಿ ರಸವನ್ನೆಲ್ಲ ಬಸಿಯಿರಿ, ಬಸಿದದ್ದನ್ನು ಈರುಳ್ಳಿ ಹುರಿಯುವಾಗ ಹಾಕಿಕೊಳ್ಳಿ.

ಕೆಲವರು ಕೀಮಾ ಪಾವಿನ ಹಾಗೆ ಪುಡಿಪುಡಿಯಾಗಿ ಹುರಿದು ಹರಡುತ್ತಾರೆ. ರುಚಿಯಲ್ಲಿ ತಪ್ಪಿಲ್ಲ. ಆದರೆ 13 ಮಕ್ಕಳು ಓಡಾಡುತ್ತಾ ತಿನ್ನುವಾಗ ಅರ್ಧ ಕೀಮಾ ನೆಲದ ಮೇಲೆ ಇರುತ್ತದೆ. ನಾನಂತೂ ಹಾಸೇ ಮಾಡುವುದು.

ಕೊನೆಯ ಬೇಕಿಂಗ್ 180 ಡಿಗ್ರಿಯಲ್ಲಿ. ಫಾಯಿಲನ್ನು ಡೇರೆಯ ಹಾಗೆ ಎತ್ತಿ ಮುಚ್ಚಿ 12 ನಿಮಿಷ, ತೆಗೆದು ಇನ್ನು 4-5 ನಿಮಿಷ. ಮುಚ್ಚುವುದಕ್ಕೆ ಹೆದರಬೇಡಿ. ಸ್ಲೈಡರ್ ಹೆಸರಾಗಿದ್ದೇ ಹಬೆಯಿಂದ. 1921ರಲ್ಲಿ ಅಮೆರಿಕದ ವಿಚಿಟಾ ಊರಿನಲ್ಲಿ ಶುರುವಾದ ವೈಟ್ ಕ್ಯಾಸಲ್‌ನವರು ಈರುಳ್ಳಿ ಹಾಸಿನ ಮೇಲೆ ಪುಟ್ಟ ಚೌಕ ಮಾಂಸವಿಟ್ಟು, ಅದರ ಮೇಲೆ ಬನ್ ಇಟ್ಟು, ಈರುಳ್ಳಿ ಹಬೆಯಲ್ಲೇ ಬೇಯಿಸುವುದಕ್ಕೆ ಹೆಸರಾದವರು. ಮೆತ್ತಗೆ ಇರಬೇಕು ಎನ್ನುವುದು ಅದರ ಗುಣ. ಮೆತ್ತಗೆ ಬೇರೆ, ನೆನೆದದ್ದು ಬೇರೆ, ಅಲ್ವಾ?

ಮೇಲೆ ಸವರುವುದಕ್ಕೆ ಒಂದು ಹಾಸಿಗೆ 40 ಗ್ರಾಂ ಬೆಣ್ಣೆ, 1 ಚಮಚ ಸಾಸಿವೆ ಸಾಸ್, 1 ಚಮಚ ಸಕ್ಕರೆ ಅಥವಾ ಜೇನುತುಪ್ಪ, ಎಳ್ಳು. ಸಕ್ಕರೆ ಯಾಕೆಂದರೆ ಅಲ್ಲಿಯವರು ಇದಕ್ಕೆ ಹವಾಯಿ ರೋಲ್ ಎನ್ನುವ ಸಿಹಿ ಬನ್ ಬಳಸುತ್ತಾರೆ. ನಮ್ಮ ಪಾವಿನಲ್ಲಿ ಆ ಸಿಹಿ ಇಲ್ಲ. ಮಾಂಸದ ಉಪ್ಪಿಗೆ ಆ ಚೂರು ಸಿಹಿ ಬೇಕೇ ಬೇಕು.

ಲೆಕ್ಕ ಹೀಗೆ. ಮಾಂಸದ ಹಾಸು 4, ಸಸ್ಯಾಹಾರದ್ದು 2, ಜೈನರಿಗೆ 9 ಪಾವಿನ ಚಿಕ್ಕದೊಂದು. ಮಾಂಸ ತಿನ್ನುವವರೂ ಸಸ್ಯಾಹಾರದ್ದಕ್ಕೆ ಕೈ ಹಾಕುತ್ತಾರೆ, ಹಾಗಾಗಿ ಅದರಲ್ಲಿ ಜುಗ್ಗತನ ಬೇಡ. ಒಟ್ಟು 81 ಆಗುತ್ತದೆ. ಕೀಮಾ 2 ಕಿಲೋ 400 ಗ್ರಾಂ. ಚೀಸ್ ಸ್ಲೈಸ್ ಹಾಸಿಗೆ 15, ಅಂದರೆ 10 ಸ್ಲೈಸಿನ 200 ಗ್ರಾಂ ಪ್ಯಾಕ್ ಹತ್ತು ತನ್ನಿ.

ವಾಸ್ಕೋದಕ್ಕ ಉತ್ತರಿಸಿದ್ದು:

ಮೇಲಿನವರು ಹೇಳಿದ್ದನ್ನು ಬಹುಪಾಲು ಒಪ್ಪುತ್ತೇನೆ. ಎರಡು ಮಾತು ನನ್ನದೂ ಇದೆ. ನಾನು ಹುಬ್ಬಳ್ಳಿಯವಳು, ಗೋವಾಕ್ಕೆ ಬಂದು 19 ವರ್ಷ ಆಯಿತು. ಇಲ್ಲಿ ಪೋದೆರ್ ಸೈಕಲ್ ಹಾರ್ನ್ ಒತ್ತಿಕೊಂಡು ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಪಾವ್ ತರುತ್ತಾನೆ. ಪಾವ್ ಎನ್ನುವ ಹೆಸರೇ ಪೋರ್ಚುಗೀಸರ ಪಾಂವ್‌ನಿಂದ ಬಂದದ್ದು. ಇಲ್ಲಿನ ಪಾವ್ ಮುಂಬಯಿಯದಕ್ಕಿಂತ ಸ್ವಲ್ಪ ಗಟ್ಟಿ, ಜಗಿಯುವ ಗುಣ ಜಾಸ್ತಿ. ಸ್ಲೈಡರಿಗೆ ಅದು ಒಳ್ಳೆಯದೇ, ರಸ ತಡೆಯುತ್ತದೆ. ಪುಣೆಯ ಪಾವ್ ತುಂಬಾ ಮೆತ್ತಗಿದ್ದರೆ ಹಿಂದಿನ ದಿನದ ಪಾವ್ ತೆಗೆದುಕೊಳ್ಳಿ. ಒಂದು ದಿನ ಹಳೆಯದಾದ ಪಾವ್ ಹೊಸದಕ್ಕಿಂತ ಚೆನ್ನಾಗಿ ನಿಲ್ಲುತ್ತದೆ. ಮಳೆಗಾಲದಲ್ಲಿ ಮಾತ್ರ ಬೇಡ, ಬೂಸ್ಟು ಹಿಡಿಯುತ್ತದೆ.

ಕೊಬ್ಬಿಗೆ ನಾನು ಚರ್ಬಿ ಕೇಳುವುದಿಲ್ಲ. ಇಲ್ಲಿನ ಚೋರಿಸ್ ಅಂದರೆ ವಿನೆಗರ್, ಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿದ ಹಂದಿ ಮಾಂಸದ ಸಾಸೇಜ್. ಅದರ ಸಿಪ್ಪೆ ಸುಲಿದು 500 ಗ್ರಾಂ ಕೀಮಾಗೆ 100 ಗ್ರಾಂ ಉದುರಿಸುತ್ತೇನೆ. ಕೊಬ್ಬೂ ಬರುತ್ತದೆ, ಹುಳಿ ಖಾರವೂ ಬರುತ್ತದೆ. ಉಪ್ಪು ಅರ್ಧ ಹಾಕಿದರೆ ಸಾಕು. ಮಡಗಾಂವ್ ಮಾರ್ಕೆಟ್ಟಿನಲ್ಲಿ ಮಾಲೆ ಮಾಲೆಯಾಗಿ ತೂಗುಹಾಕಿರುತ್ತಾರೆ. ಆದರೆ ಹಂದಿ ಮಾಂಸ ಎಂದು ಬಂದವರಿಗೆಲ್ಲ ಮೊದಲೇ ಹೇಳಲೇಬೇಕು. 32 ಜನರ ಗುಂಪಿನಲ್ಲಿ ತಿನ್ನದವರು ಇದ್ದೇ ಇರುತ್ತಾರೆ. ಮಾಡಿದರೆ ಒಂದೇ ಹಾಸು ಮಾಡಿ, ಚೀಟಿ ಅಂಟಿಸಿ ಬೇರೆ ಇಡಿ.

ಚೀಸಿನ ಬಗ್ಗೆ ಹೇಳುವುದಾದರೆ, ದುಬಾರಿ ಚೆಡ್ಡಾರ್ ತಂದು ಹಾಳು ಮಾಡಬೇಡಿ. ಚೆಡ್ಡಾರ್ ಜಾಸ್ತಿ ಬಿಸಿಗೆ ಒಡೆದು ಎಣ್ಣೆ ಬಿಡುತ್ತದೆ. ಪ್ರೊಸೆಸ್ಡ್ ಸ್ಲೈಸಿನಲ್ಲಿ ಎಣ್ಣೆ, ನೀರು ಎರಡನ್ನೂ ಕೂಡಿಸಿ ಹಿಡಿಯುವ ಲವಣ ಇರುವುದರಿಂದ ನಯವಾಗಿ ಕರಗುತ್ತದೆ. ಮೊಜರೆಲ್ಲಾ ಬೇಡ. ಒಂದು ಪಾವ್ ಕಿತ್ತರೆ ಪಕ್ಕದ ನಾಲ್ಕು ಪಾವಿನ ಚೀಸ್ ಎಳೆದುಕೊಂಡು ಬರುತ್ತದೆ.

ಇನ್ನು ಆ ಉಪ್ಪಿನಲ್ಲಿ ನೆನೆಸಿದ ಪುಟ್ಟ ಸೌತೆ, ಗರ್ಕಿನ್. ಅದನ್ನು ಮರೆಯಬೇಡಿ. ಭಾರತದಲ್ಲಿ ಗರ್ಕಿನ್ ಬೆಳೆದು ರಫ್ತು ಮಾಡುವುದು 1990ರ ದಶಕದ ಶುರುವಿನಲ್ಲಿ ಆರಂಭವಾದದ್ದು ನಮ್ಮ ಕರ್ನಾಟಕದಲ್ಲೇ. ಬಾಟಲಿ ಕೈಗೆ ತೆಗೆದುಕೊಂಡಾಗೆಲ್ಲ ನನಗೆ ಅದು ಖುಷಿ ಕೊಡುತ್ತದೆ. ಹೋಳುಗಳನ್ನು ಬಟ್ಟೆಯಲ್ಲಿ ಒತ್ತಿ ಒಣಗಿಸಿ, ಬೇಕ್ ಆದ ಮೇಲೆ ಮುಚ್ಚಳದ ಹಾಸನ್ನು ಎತ್ತಿ ಒಳಗೆ ಸೇರಿಸಿ. ಬಿಸಿ ಚೀಸಿನ ನಡುವೆ ಆ ತಣ್ಣನೆಯ ಹುಳಿ ಸಿಗಬೇಕು.

ವಾಕಡ್‌ವಾಸಿ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಾದಿದ್ದೇ ತಪ್ಪು ಎಂದು ನನಗೆ ಹೊಳೆದೇ ಇರಲಿಲ್ಲ, ಒಳ್ಳೆಯದೆಂದೇ ನಾದಿದ್ದೆ. ಸಸ್ಯಾಹಾರದ ಹಾಸಿಗೆ ಆಲೂ ಟಿಕ್ಕಿ ಹಾಕಿದರೆ ಸಾಕಾಗುತ್ತದಾ? ಓಟಿಜಿ ಕೆಳಗೆ ಒಯ್ಯುವ ಪ್ರಶ್ನೆಗೂ ಯಾರಾದರೂ ಉತ್ತರಿಸಿ. ಎಲ್ಲ ಬಿಸಿ ಇರಬೇಕು ಎನ್ನುವುದೇ ನನಗೆ ಮುಖ್ಯ.

ಡೊಂಬಿವಿಲಿ ಶುದ್ಧ ಶಾಕಾಹಾರ ಉತ್ತರಿಸಿದ್ದು:

ಆಲೂ ಟಿಕ್ಕಿ ಬೇಡ. ಪಾವಿನಲ್ಲಿ ಆಲೂಗಡ್ಡೆ ಇಟ್ಟರೆ ಅದು ವಡಾಪಾವ್. ವಡಾಪಾವ್ ನನಗೆ ಪ್ರಾಣ, ಆದರೆ ಅದನ್ನು ಚೀಸ್ ಹಾಕಿ ಬೇಕ್ ಮಾಡಿದರೆ ಮೆತ್ತನೆಯದರ ಮೇಲೆ ಮೆತ್ತನೆಯದು, ಹಲ್ಲಿಗೆ ಏನೂ ಸಿಗುವುದಿಲ್ಲ. ಬರ್ಗರಿಗೆ ಜಗಿಯುವಂಥದ್ದು, ಹುರಿದು ಕಂದಾದದ್ದು ಬೇಕು.

ನಾನು ಒಂದು ಹಾಸಿಗೆ ಮಾಡುವುದು ಹೀಗೆ. 100 ಗ್ರಾಂ ಸೋಯಾ ಗ್ರಾನ್ಯೂಲ್ ಬಿಸಿನೀರಿನಲ್ಲಿ 10 ನಿಮಿಷ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಕೈ ನೋಯುವಷ್ಟು ಹಿಂಡುತ್ತೇನೆ. 150 ಗ್ರಾಂ ರಾಜ್ಮಾ ರಾತ್ರಿ ನೆನೆಸಿ, ಕುಕ್ಕರಿನಲ್ಲಿ ಬೇಯಿಸಿ, ನೀರು ಪೂರ್ತಿ ಬಸಿದು, ಅರೆಬರೆ ಮಸೆಯುತ್ತೇನೆ. ನುಣ್ಣಗೆ ಮಾಡಬಾರದು. 200 ಗ್ರಾಂ ಅಣಬೆಯನ್ನು ಸಣ್ಣಗೆ ಹೆಚ್ಚಿ ದೊಡ್ಡ ಉರಿಯಲ್ಲಿ ಚಟಚಟ ಸದ್ದು ಬರುವವರೆಗೆ ಹುರಿಯುತ್ತೇನೆ. ಎಲ್ಲ ಕಲಸಿ, ಹುರಿಗಡಲೆ ಪುಡಿ 50 ಗ್ರಾಂ ಹಾಕಿದರೆ ಹಿಡಿತ ಬರುತ್ತದೆ. ಚಟ್ನಿಪುಡಿಗೆ ಮಾಡುವ ಹಾಗೆ ಮಿಕ್ಸಿಯಲ್ಲಿ ತಿರುಗಿಸಿಕೊಂಡರೆ ಆಯಿತು, ಬ್ರೆಡ್ ಪುಡಿಗಿಂತ ಎಷ್ಟೋ ರುಚಿ. ಉಪ್ಪು, ಕಾಳುಮೆಣಸು, ಚೂರು ಸೋಯಾ ಸಾಸ್, ಹುರಿದ ಈರುಳ್ಳಿ. ಎಣ್ಣೆ ಸವರಿದ ಟ್ರೇಯಲ್ಲಿ ಒತ್ತಿ 200 ಡಿಗ್ರಿಯಲ್ಲಿ 20 ನಿಮಿಷ, ಅಂಚು ಗರಿಗರಿಯಾಗಬೇಕು. ಇದು ಮಾಂಸದ ಹಾಗೆ ಕುಗ್ಗುವುದಿಲ್ಲ, ಪಾವಿನ ಅಳತೆಗೇ ಹರಡಿ.

ಜೈನ ಕುಟುಂಬದ್ದು ಬೇರೆಯೇ ವಿಷಯ. ಈರುಳ್ಳಿ, ಬೆಳ್ಳುಳ್ಳಿ ಬಿಟ್ಟರೆ ಮುಗಿಯಿತು ಎಂದು ತುಂಬಾ ಜನ ತಿಳಿದಿದ್ದಾರೆ. ಆಲೂಗಡ್ಡೆ, ಕ್ಯಾರೆಟ್, ಬೀಟ್‌ರೂಟ್, ಹಸಿ ಶುಂಠಿಯಂಥ ನೆಲದೊಳಗೆ ಬೆಳೆಯುವುದೂ ಬೇಡ, ಅಣಬೆಯೂ ಬೇಡ. ಅವರಿಗೆ ಅಣಬೆ ಬದಲು ಬಾಳೆಕಾಯಿ ಬೇಯಿಸಿ ತುರಿದು ಹಾಕಿ, ಜೊತೆಗೆ ದೊಣ್ಣೆಮೆಣಸಿನಕಾಯಿ ಹುರಿದು ಸೇರಿಸಿ. ಇಂಗು, ಹುರಿದ ಜೀರಿಗೆ, ಕಾಳುಮೆಣಸು ಇದ್ದರೆ ಈರುಳ್ಳಿಯ ನೆನಪೇ ಬರುವುದಿಲ್ಲ. ಸಾಸುಗಳ ಬಾಟಲಿ ತಿರುಗಿಸಿ ಓದಿ, ಕೆಚಪ್, ಸಾಸಿವೆ ಸಾಸಿನಲ್ಲೂ ಬೆಳ್ಳುಳ್ಳಿ ಇರುತ್ತದೆ. ವೂಸ್ಟರ್ ಸಾಸ್ ಮೂಲದಲ್ಲಿ ಆಂಚೊವಿ ಮೀನು ಹಾಕಿ ಮಾಡುವುದು, ಹಸಿರು ಗುರುತು ಇಲ್ಲದಿದ್ದರೆ ಯಾವ ಸಸ್ಯಾಹಾರದ ಹಾಸಿಗೂ ಮುಟ್ಟಿಸಬೇಡಿ. ಕೆಲವು ಬೇಕರಿಗಳಲ್ಲಿ ಪಾವಿನ ಹೊಳಪಿಗೆ ಮೊಟ್ಟೆ ಸವರುತ್ತಾರೆ, ಅದನ್ನೂ ಕೇಳಿ ತನ್ನಿ.

ಎಲ್ಲಕ್ಕಿಂತ ಮುಖ್ಯ, ಒಂದು ಫೋನ್ ಮಾಡಿ ಆ ಮನೆಯವರನ್ನೇ ಕೇಳಿ. ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವವರಾದರೆ ನಿಮ್ಮ ಏಳೂವರೆ ಗಂಟೆಯ ಊಟ ಅವರಿಗೆ ಉಪವಾಸವೇ. ಅವರ ಟ್ರೇ ಐದೂವರೆಗೇ ಬೇಕ್ ಆಗಿ ಬರಲಿ. ಓವನ್ ಸ್ವಚ್ಛವಾಗಿರುವಾಗ ಮೊದಲು ಜೈನರದ್ದು, ಆಮೇಲೆ ಸಸ್ಯಾಹಾರ, ಕೊನೆಗೆ ಮಾಂಸ. ಟ್ರೇ, ಚಾಕು, ಬೆಣ್ಣೆ ಸವರುವ ಬ್ರಷ್ ಬೇರೆ ಬೇರೆ. ನಾನು 32 ಜನರ ನಡುವೆ ಸಸ್ಯಾಹಾರಿಯಾಗಿ ಎಷ್ಟೋ ಸಲ ಕೂತಿದ್ದೇನೆ. ಯಾರೋ ನನಗಾಗಿ ಬ್ರಷ್ ಬೇರೆ ಇಟ್ಟಿದ್ದಾರೆ ಎಂದು ತಿಳಿದ ದಿನ ಊಟದ ರುಚಿಯೇ ಬೇರೆ.

ಪಿಂಪ್ರಿ ಫಿಟ್ಟರ್ ಉತ್ತರಿಸಿದ್ದು:

ಕರೆಂಟಿನ ಮಾತು ನಾನು ಹೇಳುತ್ತೇನೆ, ಇದು ನನ್ನ ಕೆಲಸ. ಓಟಿಜಿಯನ್ನು ಕ್ಲಬ್‌ಹೌಸಿಗೆ ಒಯ್ಯಬೇಡಿ. ಅದು ಸುಮಾರು 2000 ವ್ಯಾಟ್ ಎಳೆಯುತ್ತದೆ, ಅಂದರೆ 230 ವೋಲ್ಟಿನಲ್ಲಿ 9 ಆಂಪಿಯರ್ ಹತ್ತಿರ. ಹಾಲ್‌ಗಳ ಗೋಡೆಯಲ್ಲಿ ಇರುವುದು ಹೆಚ್ಚಾಗಿ 6 ಆಂಪಿಯರಿನ ಚಿಕ್ಕ ಪಾಯಿಂಟ್. ಪ್ಲಗ್ ಬದಲಿಸಿ ಹಾಕಿದರೆ ವೈರ್ ಬಿಸಿಯಾಗುತ್ತದೆ, ಮಕ್ಕಳು ಇರುವ ಜಾಗ, ದಯವಿಟ್ಟು ಬೇಡ. ಮನೆಯಲ್ಲೂ ಓಟಿಜಿ ಮತ್ತು ಮೈಕ್ರೋವೇವ್ ಎರಡನ್ನೂ ಒಂದೇ 16 ಆಂಪಿಯರ್ ಪಾಯಿಂಟಿನಿಂದ ಎಕ್ಸ್‌ಟೆನ್ಷನ್ ಎಳೆದು ಓಡಿಸಬೇಡಿ, ಎರಡೂ ಸೇರಿದರೆ 16 ದಾಟುತ್ತದೆ. ಬೇರೆ ಬೇರೆ ಗೋಡೆಯ ದೊಡ್ಡ ಪಾಯಿಂಟಿಗೆ ಹಾಕಿ, ಅವೆರಡೂ ಒಂದೇ ಎಂಸಿಬಿಗೆ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್) ಸೇರಿಲ್ಲ ಎಂದು ನೋಡಿಕೊಳ್ಳಿ.

ಬಿಸಿ ಉಳಿಯುವುದಕ್ಕೆ ಎಲ್ಲ ಹಾಸನ್ನೂ ಮೊದಲೇ ಬೇಕ್ ಮಾಡಿ ಪೇರಿಸುವುದಕ್ಕಿಂತ, ಒಂದಾದ ಮೇಲೊಂದು ಬಿಡುವುದು ಒಳ್ಳೆಯದು. ಒಂದು ಹಾಸಿಗೆ 17 ನಿಮಿಷ, ಹಿಂದೆಯೇ ಇನ್ನೊಂದು. ಮೊದಲ ಬ್ಯಾಚ್ ಮಕ್ಕಳಿಗೆ, ಅವರು ತಿಂದು ಆಟಕ್ಕೆ ಓಡುವಷ್ಟರಲ್ಲಿ ದೊಡ್ಡವರದ್ದು ಬರುತ್ತದೆ. ಲಿಫ್ಟಿನಲ್ಲಿ ಇಳಿಸಲು ಟ್ರೇಗೆ ಫಾಯಿಲ್ ಹೊದಿಸಿ, ದಪ್ಪ ಟವೆಲ್ ಸುತ್ತಿ. ಒಂದು ಮೂಲೆ ತೆರೆದಿರಲಿ. ಪೂರ್ತಿ ಮುಚ್ಚಿದ ಹಾಟ್‌ಬಾಕ್ಸಿನಲ್ಲಿ ಹಬೆ ನೀರಾಗಿ ಪಾವಿನ ಮೇಲೆ ತೊಟ್ಟಿಕ್ಕುತ್ತದೆ.

ಇನ್ನೊಂದು ದಾರಿಯೂ ಇದೆ. ದೀಪಾವಳಿಗೆ ನಾನ್‌ಖಟಾಯಿ ಹಿಟ್ಟು ಕಲಸಿ ಬೇಕರಿಗೆ ಕೊಟ್ಟು ಬೇಕ್ ಮಾಡಿಸಿಕೊಂಡು ಬರುವ ಪದ್ಧತಿ ಪುಣೆ, ಮುಂಬಯಿಯಲ್ಲಿ ಮೊದಲಿನಿಂದ ಇದೆ. ಗುರುತಿನ ಬೇಕರಿ ಇದ್ದರೆ ಟ್ರೇಗೆ ಇಷ್ಟು ಎಂದು ಮಾತಾಡಿ. ಮಾಂಸದ ಟ್ರೇ ಎಂದು ಮೊದಲೇ ಹೇಳಿ, ಎಲ್ಲ ಬೇಕರಿಯವರೂ ಒಪ್ಪುವುದಿಲ್ಲ, ಅದು ಅವರ ಇಷ್ಟ.

ಭಾಂಡುಪ್ ಭಟ್ಟಿ:

ಮೊದಲೇ ಮಾಡಿಡುವುದರ ಬಗ್ಗೆ ಹೇಳಲು ಮರೆತೆ. ಮಾಂಸದ ಹಾಸು, ಹುರಿದ ಈರುಳ್ಳಿ, ಬೆಣ್ಣೆ ಮಿಶ್ರಣ ಮೂರನ್ನೂ ಶನಿವಾರ ಸಂಜೆ ಮಾಡಿಡಬಹುದು. ಆದರೆ ಮಾಂಸ ಪೂರ್ತಿ ಬೆಂದಿರಬೇಕು. ನಾಳೆ ಮತ್ತೆ ಬೇಯುತ್ತದಲ್ಲ ಎಂದು ಅರೆಬೆಂದದ್ದನ್ನು ಫ್ರಿಜ್ಜಿನಲ್ಲಿ ಇಡುವುದು ಅಪಾಯ. ಬೆಂದ ಮೇಲೆ 2 ಗಂಟೆಯೊಳಗೆ ಫ್ರಿಜ್ ಸೇರಬೇಕು. ತಟ್ಟೆಯಲ್ಲಿ ಹರಡಿ ತಣಿಸಿ, ಒಂದರ ಮೇಲೊಂದು ಪೇರಿಸಬೇಡಿ. ಭಾನುವಾರ ಓವನಿಗೆ ಹಾಕುವ ಮುಂಚೆ ಅದನ್ನೊಂದೇ 8-10 ನಿಮಿಷ ಚೆನ್ನಾಗಿ ಬಿಸಿ ಮಾಡಿ, ಆಮೇಲೆ ಪಾವಿನ ನಡುವೆ ಜೋಡಿಸಿ. ತಣ್ಣನೆಯ ಮಾಂಸ ಇಟ್ಟರೆ ಪಾವ್ ಸುಟ್ಟರೂ ನಡುವೆ ತಣ್ಣಗೇ ಇರುತ್ತದೆ. ಪಾವ್ ಜೋಡಿಸುವುದು ಮಾತ್ರ ಕೊನೆಯ ಅರ್ಧ ಗಂಟೆಯಲ್ಲಿ.

ವಾಕಡ್‌ವಾಸಿ:

ಭಾನುವಾರ ಮುಗಿಯಿತು. ನಿಮಗೆಲ್ಲ ಹೇಳದೆ ಮಲಗಲು ಮನಸ್ಸಾಗಲಿಲ್ಲ.

ಫೋನ್ ಮಾಡಿ ಕೇಳಿದ್ದು ಎಷ್ಟು ಒಳ್ಳೆಯದಾಯಿತು ಗೊತ್ತಾ. ಅವರ ಮನೆಯ ಅಜ್ಜಿ ಸೂರ್ಯಾಸ್ತದ ನಂತರ ನೀರು ಕೂಡ ಕುಡಿಯುವುದಿಲ್ಲವಂತೆ. ಐದೂವರೆಗೆ ಬಾಳೆಕಾಯಿ, ರಾಜ್ಮಾದ ಹಾಸು ಹೊರಗೆ ಬಂತು, ಅಜ್ಜಿಗೆ ಮೊದಲು ಕೊಟ್ಟೆ. ಎರಡು ತಿಂದು, ಇಂಗು ಎಷ್ಟು ಹಾಕಿದೆ ಎಂದು ಕೇಳಿ ಬರೆದುಕೊಂಡರು. ಮಟನ್ 3 ಹಾಸು, ಚಿಕನ್ 1. ಚರ್ಬಿ ಸೇರಿಸಿ ಎರಡು ಸಲ ಕೊಚ್ಚಿಸಿದೆ, ಕೈ ಹಚ್ಚಿ ನಾದಲಿಲ್ಲ. ಜಗಿದಾಗ ಮೆತ್ತಗೆ ಬಿಡಿಸಿಕೊಳ್ಳುತ್ತಿತ್ತು. ಕೆಳಗಿನ ಪಾವ್ ಒಂದೂ ನೆನೆಯಲಿಲ್ಲ. ಕೊನೆಯ ಎರಡು ಹಾಸಿನಲ್ಲಿ ಮಾತ್ರ ಎಳ್ಳು ಸ್ವಲ್ಪ ಕಪ್ಪಾಯಿತು. ಮಾಂಸ ತಿನ್ನುವವರು ಅಣಬೆಯದನ್ನೂ ಬಿಡಲಿಲ್ಲ, ಎರಡನೇ ಸಸ್ಯಾಹಾರ ಹಾಸು ಇರದಿದ್ದರೆ ಕಷ್ಟವಾಗುತ್ತಿತ್ತು. ನನ್ನ ಮಗಳು ನಾಲ್ಕು ತಿಂದಳು. 7 ಉಳಿದಿವೆ. ನಾಳೆ ಅವಳ ಡಬ್ಬಿಗೆ ಕೊಡಬಹುದಾ?

ಭಾಂಡುಪ್ ಭಟ್ಟಿ:

ಓದಿ ತುಂಬಾ ಖುಷಿಯಾಯಿತು. ಒಂದಾದ ಮೇಲೊಂದು ಹಾಕಿದಾಗ ಓಟಿಜಿ ಒಳಗೆ ಕಾವು ಏರುತ್ತಾ ಹೋಗುತ್ತದೆ, ನಾಲ್ಕನೇ ಹಾಸಿನಿಂದ 170ಕ್ಕೆ ಇಳಿಸಿ, ಇಲ್ಲವೇ ಟ್ರೇಯನ್ನು ಒಂದು ಮೆಟ್ಟಿಲು ಕೆಳಗಿಡಿ. ಉಳಿದದ್ದು ಊಟವಾದ ಕೂಡಲೇ ಫ್ರಿಜ್ ಸೇರಿದ್ದರೆ ನಾಳೆ ಬೆಳಿಗ್ಗೆ ಮನೆಯಲ್ಲೇ ತಿಂಡಿಗೆ ಕೊಡಿ. ಮುಚ್ಚಳ ಹಾಕಿದ ದಪ್ಪ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ 6-7 ನಿಮಿಷ, ಒಳಗೆಲ್ಲ ಹಬೆಯಾಡುವಷ್ಟು ಬಿಸಿಯಾಗಲಿ. ಮೈಕ್ರೋವೇವ್ ಮಾಡಿದರೆ ಪಾವ್ ಮೊದಲು ಮೆತ್ತಗಾಗಿ ಆಮೇಲೆ ಚರ್ಮದ ಹಾಗಾಗುತ್ತದೆ. ಡಬ್ಬಿಗೆ ಮಾಂಸದ್ದು ಬೇಡ, ಮಧ್ಯಾಹ್ನದವರೆಗೆ ಬಿಸಿಲಿನಲ್ಲಿ ಇರುತ್ತದೆ. ಡಬ್ಬಿಗೆ ಚಿತ್ರಾನ್ನ ಹಾಕಿ.